ಒಡೆಯದ ಸಂಖ್ಯೆ: 39 ಅಂಕಿಗಳ ಒಂದು ಅವಿಭಾಜ್ಯ

ಈ ಸಂಖ್ಯೆಯನ್ನು ಒಮ್ಮೆ ನಿಧಾನವಾಗಿ ನೋಡಿ:

170 141 183 460 469 231 731 687 303 715 884 105 727

ಎಣಿಸಿದರೆ 39 ಅಂಕಿಗಳಿವೆ. 1 ಮತ್ತು ಇದೇ ಸಂಖ್ಯೆಯನ್ನು ಬಿಟ್ಟರೆ ಬೇರೆ ಯಾವ ಸಂಖ್ಯೆಯೂ ಇದನ್ನು ಶೇಷವಿಲ್ಲದೆ ಭಾಗಿಸುವುದಿಲ್ಲ. ಅಂದರೆ 2, 3, 5, 7, 11ರ ಹಾಗೆ ಇದೂ ಒಂದು ಅವಿಭಾಜ್ಯ ಸಂಖ್ಯೆ. ಇದನ್ನು ಸಿದ್ಧಪಡಿಸಿದ್ದು 1876ರಲ್ಲಿ. ಆಗ ಗಣಕಯಂತ್ರಗಳಿರಲಿಲ್ಲ.

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಒಂದು ಪ್ರಶ್ನೆ ಏಳಬೇಕು. ‘ಅವಿಭಾಜ್ಯ ಎಂದು ನೀವು ಹೇಳಿದಿರಿ, ಸರಿ. ಆದರೆ ನಾವು ಅದನ್ನು ಏಕೆ ನಂಬಬೇಕು?’ ಗಣಿತದಲ್ಲಿ ಇದು ಉದ್ಧಟತನದ ಪ್ರಶ್ನೆಯಲ್ಲ. ಇದೇ ಮೊದಲ ಪ್ರಶ್ನೆ. ಕಿರುತೆರೆಯ ಮೇಲೆ ಮಾತು ಸರಿದುಹೋಗುತ್ತದೆ, ಲೆಕ್ಕ ಕಣ್ಣಿಗೆ ನಿಲ್ಲುವುದಿಲ್ಲ. ಈ ಪುಟಗಳಲ್ಲಿ ಆ ತೊಂದರೆ ಇಲ್ಲ. ಒಂದು ಪೆನ್ಸಿಲ್, ಒಂದು ಹಾಳೆ ಪಕ್ಕದಲ್ಲಿಟ್ಟುಕೊಂಡು ಓದಿ.

ಎರಡರ ಘಾತದಿಂದ ಹುಟ್ಟಿದ್ದು

ಈ ಸಂಖ್ಯೆ ಎಲ್ಲಿಂದಲೋ ಹೆಕ್ಕಿ ತಂದದ್ದಲ್ಲ. 127 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಿಂದ 1ನ್ನು ಕಳೆದರೆ ಇದು ಸಿಗುತ್ತದೆ. ಗಣಿತದ ಭಾಷೆಯಲ್ಲಿ 2¹²⁷ – 1. ಎರಡರ ಘಾತಕ್ಕೆ ಒಂದು ಕಡಿಮೆ ಇರುವ ಇಂಥ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳೆಂದು ಹೆಸರು.

ಮಾರಿನ್ ಮರ್ಸೆನ್ (1588–1648) ಪ್ಯಾರಿಸ್ಸಿನಲ್ಲಿದ್ದ ಒಬ್ಬ ಕ್ರೈಸ್ತ ಸನ್ಯಾಸಿ. ಯುರೋಪಿನ ವಿದ್ವಾಂಸರೊಡನೆ ಬಿಡುವಿಲ್ಲದೆ ಪತ್ರವ್ಯವಹಾರ ನಡೆಸುತ್ತಿದ್ದವನು. 1644ರಲ್ಲಿ ಅವನು ಒಂದು ಪಟ್ಟಿ ಪ್ರಕಟಿಸಿದ. 257ರವರೆಗಿನ ಘಾತಾಂಕಗಳಲ್ಲಿ 2, 3, 5, 7, 13, 17, 19, 31, 67, 127, 257 – ಇವುಗಳಿಗೆ ಮಾತ್ರ 2ರ ಘಾತಕ್ಕೆ ಒಂದು ಕಡಿಮೆ ಇರುವ ಸಂಖ್ಯೆ ಅವಿಭಾಜ್ಯವಾಗುತ್ತದೆ ಎಂದು ಸಾರಿದ. ಸಾಧನೆಯನ್ನು ಮಾತ್ರ ಕೊಡಲಿಲ್ಲ. ಆ ಪಟ್ಟಿ ಇನ್ನೂರಕ್ಕೂ ಹೆಚ್ಚು ವರ್ಷ ಹಾಗೆಯೇ ಉಳಿಯಿತು. ತಪ್ಪೆನ್ನಲು ಯಾರಿಗೂ ಆಧಾರವಿರಲಿಲ್ಲ, ಸರಿಯೆನ್ನಲೂ ಇರಲಿಲ್ಲ.

ಪಟ್ಟಿಯಲ್ಲಿರುವ ಘಾತಾಂಕಗಳೆಲ್ಲ ಅವಿಭಾಜ್ಯಗಳೇ ಎಂಬುದನ್ನು ಗಮನಿಸಿದಿರಾ? ಇದು ಆಕಸ್ಮಿಕವಲ್ಲ. 2¹⁵ – 1ನ್ನು ದ್ವಿಮಾನ ಪದ್ಧತಿಯಲ್ಲಿ ಬರೆದರೆ ಬರೀ ಹದಿನೈದು ಒಂದುಗಳು ಬರುತ್ತವೆ. 15 ಅಂದರೆ 3 × 5. ಆದ್ದರಿಂದ ಆ ಒಂದುಗಳನ್ನು ಮೂರು ಮೂರರ ಐದು ಗುಂಪುಗಳಾಗಿ ಮಾಡಬಹುದು:

111 111 111 111 111

ದ್ವಿಮಾನದಲ್ಲಿ 111 ಎಂದರೆ 7. ಪ್ರತಿ ಗುಂಪೂ 7ರಿಂದ ಭಾಗವಾಗುವುದರಿಂದ ಇಡೀ ಸಂಖ್ಯೆಯೂ 7ರಿಂದ ಭಾಗವಾಗುತ್ತದೆ. ಬೇಕಿದ್ದರೆ ನೋಡಿ: 32767 = 7 × 31 × 151. ಹೀಗೆ ಘಾತಾಂಕ ಒಡೆದರೆ ಸಂಖ್ಯೆಯೂ ಒಡೆಯುತ್ತದೆ.

ಆದರೆ ಇದರ ವಿಲೋಮ ನಿಜವಲ್ಲ. 11 ಅವಿಭಾಜ್ಯ; ಆದರೂ 2¹¹ – 1 = 2047 = 23 × 89. ಆದಕಾರಣ 127 ಅವಿಭಾಜ್ಯ ಎಂದ ಮಾತ್ರಕ್ಕೆ 2¹²⁷ – 1 ಕೂಡ ಅವಿಭಾಜ್ಯ ಎನ್ನುವಂತಿಲ್ಲ. ಪರೀಕ್ಷಿಸಲೇಬೇಕು.

ಭಾಗಿಸಿ ನೋಡಿದರೆ?

ಶಾಲೆಯಲ್ಲಿ ಕಲಿತ ವಿಧಾನ ನಿಮಗೆ ಗೊತ್ತು. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. ನಮ್ಮ ಸಂಖ್ಯೆಯ ವರ್ಗಮೂಲ ಸುಮಾರು 1.3 × 10¹⁹. ಸೆಕೆಂಡಿಗೆ ಒಂದು ಭಾಗಾಕಾರದಂತೆ ಹಗಲಿರುಳೂ ಮಾಡಿದರೆ ಸುಮಾರು 41 ಸಾವಿರ ಕೋಟಿ ವರ್ಷ ಬೇಕು.

ಸ್ವಲ್ಪ ಜಾಣತನ ತೋರಿಸೋಣ. ಮೇಲಿನ 2047ರ ಅಪವರ್ತನಗಳನ್ನು ಮತ್ತೆ ನೋಡಿ. 23 ಎಂದರೆ 22 × 1 + 1. 89 ಎಂದರೆ 22 × 4 + 1. ಘಾತಾಂಕ 11ರ ಎರಡರಷ್ಟು 22. ಮರ್ಸೆನ್ ಸಂಖ್ಯೆಯ ಯಾವುದೇ ಅಪವರ್ತನವಾದರೂ ಘಾತಾಂಕದ ಎರಡರಷ್ಟರ ಯಾವುದಾದರೊಂದು ಗುಣಕಕ್ಕೆ 1 ಕೂಡಿಸಿದಂತೆಯೇ ಇರಬೇಕು. ಜೊತೆಗೆ ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. ಈ ಎರಡು ನಿಯಮಗಳನ್ನು ಹಿಡಿದೇ ಆಯ್ಲರ್ 1772ರಲ್ಲಿ 2³¹ – 1, ಅಂದರೆ 2147483647, ಅವಿಭಾಜ್ಯವೆಂದು ತೋರಿಸಿದ್ದು.

ನಮ್ಮ ಸಂಖ್ಯೆಗೆ ಈ ನಿಯಮಗಳನ್ನು ಅನ್ವಯಿಸಿದರೆ ಅಪವರ್ತನಗಳು 254ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕು. ಎಂಟರ ನಿಯಮವನ್ನೂ ದಾಟಿ ಬರುವವು 255, 1017, 1271, 2033, 2287... ಇವುಗಳಲ್ಲಿ ಮೊದಲ ನಾಲ್ಕು ತಾವೇ ಒಡೆಯುತ್ತವೆ. ಹೀಗಾಗಿ ನಾವು ಪ್ರಯತ್ನಿಸಬೇಕಾದ ಮೊದಲ ಭಾಜಕ 2287. ಅದಕ್ಕಿಂತ ಚಿಕ್ಕದಾದ ಅವಿಭಾಜ್ಯಗಳನ್ನೆಲ್ಲ ಒಂದೂ ಭಾಗಾಕಾರ ಮಾಡದೆ ತಳ್ಳಿಹಾಕಿದೆವು! ಸಂತೋಷ. ಆದರೂ ಉಳಿದ ಕೆಲಸಕ್ಕೆ ಸೆಕೆಂಡಿಗೆ ಒಂದರಂತೆ ಸುಮಾರು 81 ಕೋಟಿ ವರ್ಷ ಬೇಕು. ಈ ದಾರಿ ಮುಚ್ಚಿದಂತೆಯೇ.

ಲೂಕಾ ಹಿಡಿದ ಬೇರೆ ದಾರಿ

ಎದ್ವಾರ್ ಲೂಕಾ (1842–1891) ಫ್ರಾನ್ಸಿನ ಒಬ್ಬ ಗಣಿತದ ಅಧ್ಯಾಪಕ. 1, 1, 2, 3, 5, 8, 13... ಎಂಬ ಸಾಲಿಗೆ ಫಿಬೊನಾಚಿ ಎಂಬ ಹೆಸರು ಬಳಕೆಗೆ ಬಂದದ್ದು ಅವನಿಂದಲೇ. ಈ ಸಾಲು ನಮಗೂ ಹೊಸದಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಛಂದಸ್ಸಿನ ಪಾಠದಲ್ಲಿ ಓದಿದ್ದೀರಿ. ಇಂತಿಷ್ಟು ಮಾತ್ರೆಗಳನ್ನು ಲಘು ಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು ಎಂದು ಎಣಿಸುತ್ತ ಹೋಗಿ: ಒಂದು ಮಾತ್ರೆಗೆ 1, ಎರಡಕ್ಕೆ 2, ಮೂರಕ್ಕೆ 3, ನಾಲ್ಕಕ್ಕೆ 5, ಐದಕ್ಕೆ 8. ಹನ್ನೆರಡನೆಯ ಶತಮಾನದ ಹೇಮಚಂದ್ರ, ಅವನಿಗೂ ಮೊದಲು ವಿರಹಾಂಕ, ಇದನ್ನು ಹೇಳಿದ್ದರು. ಇದೇ ಸಾಲಿನ ಗುಣಗಳನ್ನು ಕೆದಕುತ್ತ ಲೂಕಾ ಅವಿಭಾಜ್ಯಗಳ ಪರೀಕ್ಷೆಗೆ ಬಂದ.

ಅವನ ಪರೀಕ್ಷೆ ಹೀಗೆ. ಘಾತಾಂಕವನ್ನು 4ರಿಂದ ಭಾಗಿಸಿದಾಗ 3 ಉಳಿಯುವಂತಿದ್ದರೆ (127 ಅಂಥದು, 7 ಮತ್ತು 11 ಕೂಡ) 3ರಿಂದ ಆರಂಭಿಸಿ. ಅದನ್ನು ವರ್ಗ ಮಾಡಿ, 2 ಕಳೆಯಿರಿ. ಬಂದದ್ದನ್ನು ಪರೀಕ್ಷೆಗೆ ಒಳಪಟ್ಟ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಆ ಶೇಷವನ್ನು ಮತ್ತೆ ವರ್ಗ ಮಾಡಿ, 2 ಕಳೆಯಿರಿ, ಭಾಗಿಸಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಆಗದಿದ್ದರೆ ಅಲ್ಲ.

2⁷ – 1 = 127ನ್ನು ಪರೀಕ್ಷಿಸೋಣ. ಘಾತಾಂಕ 7, ಆದ್ದರಿಂದ ಐದು ಹೆಜ್ಜೆ.

ಆರಂಭ: 3
1ನೆಯ ಹೆಜ್ಜೆ: 3 × 3 – 2 = 7
2ನೆಯ ಹೆಜ್ಜೆ: 7 × 7 – 2 = 47
3ನೆಯ ಹೆಜ್ಜೆ: 47 × 47 – 2 = 2207; ಶೇಷ 48
4ನೆಯ ಹೆಜ್ಜೆ: 48 × 48 – 2 = 2302; ಶೇಷ 16
5ನೆಯ ಹೆಜ್ಜೆ: 16 × 16 – 2 = 254; ಶೇಷ 0

254 ಎಂದರೆ 127ರ ಎರಡರಷ್ಟು. ಶೇಷ ಸೊನ್ನೆ. ಆದ್ದರಿಂದ 127 ಅವಿಭಾಜ್ಯ. ನಮ್ಮ 39 ಅಂಕಿಗಳ ಸಂಖ್ಯೆಗೆ ಬೇಕಾಗುವುದು 125 ಹೆಜ್ಜೆಗಳು. 81 ಕೋಟಿ ವರ್ಷದ ಕೆಲಸ 125 ಗುಣಾಕಾರಗಳಿಗೆ ಇಳಿಯಿತು!

ಭಾಗಾಕಾರದಲ್ಲಿಯೂ ಒಂದು ಸೌಲಭ್ಯವಿದೆ. ಒಂದು ದೊಡ್ಡ ಸಂಖ್ಯೆಯನ್ನು 999ರಿಂದ ಭಾಗಿಸಿದಾಗ ಬರುವ ಶೇಷ ಬೇಕಾದರೆ ಅದನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಒಡೆದು ಕೂಡಿದರೆ ಆಯಿತು, ಅಲ್ಲವೇ? ಮರ್ಸೆನ್ ಸಂಖ್ಯೆ ದ್ವಿಮಾನದಲ್ಲಿ ಬರೀ ಒಂದುಗಳು. ಆದ್ದರಿಂದ ದ್ವಿಮಾನದಲ್ಲಿ ಅದು ನಮ್ಮ 999ರ ಹಾಗೆ ವರ್ತಿಸುತ್ತದೆ. ಉದಾಹರಣೆಗೆ 2207ರಲ್ಲಿ 128 ಹದಿನೇಳು ಸಲ ಹೋಗಿ 31 ಉಳಿಯುತ್ತದೆ; 17 + 31 = 48. ಮೇಲಿನ ಮೂರನೆಯ ಹೆಜ್ಜೆಯ ಶೇಷ ಇದೇ. ಹೀಗೆ ಭಾಗಾಕಾರದ ಜಾಗದಲ್ಲಿ ಸಂಕಲನ ಬಂದು ಕೂತಿತು. ಈ ಲೆಕ್ಕವನ್ನು ಚದುರಂಗದ ಮಣೆಯಂಥ ಚೌಕಗಳ ಮೇಲೆ ಕಾಯಿಗಳನ್ನಿಟ್ಟು ಸರಿಸುತ್ತ ಮಾಡುವ ಬಗೆಯನ್ನೂ ಲೂಕಾ ಯೋಚಿಸಿದ್ದ.

ಆದರೂ 39 ಅಂಕಿಗಳ ಸಂಖ್ಯೆಯನ್ನು ವರ್ಗ ಮಾಡುವುದು ಹುಡುಗಾಟವಲ್ಲ. ಅಂಥವು ನೂರಕ್ಕೂ ಹೆಚ್ಚು. ನಡುವೆ ಒಂದೇ ಒಂದು ಅಂಕಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಸೊನ್ನೆ ಬಂದರೆ ಅವಿಭಾಜ್ಯ, ಏಕೆ?

ಇಲ್ಲಿ ಸ್ವಲ್ಪ ತಾಳ್ಮೆ ಇರಲಿ. ಪೂರ್ತಿ ಸಾಧನೆಗೆ ಕಾಲೇಜಿನ ಬೀಜಗಣಿತ ಬೇಕು, ಆದರೆ ಅದರ ತಿರುಳು ಸರಳ.

3, 7, 47, 2207... ಈ ಸಾಲಿನ ಹಿಂದೆ ಒಂದೇ ರಾಶಿ ಅಡಗಿದೆ: 3ಕ್ಕೆ 5ರ ವರ್ಗಮೂಲವನ್ನು ಕೂಡಿಸಿ ಅರ್ಧ ಮಾಡಿದ್ದು. ಒಂದೊಂದು ಹೆಜ್ಜೆಯಲ್ಲೂ ಅದರ ಘಾತ ಇಮ್ಮಡಿಯಾಗುತ್ತದೆ. ಈಗ ನಮ್ಮ ಸಂಖ್ಯೆಗೆ ಒಂದು ಅವಿಭಾಜ್ಯ ಅಪವರ್ತನ ಇದೆಯೆಂದು, ಅದು ವರ್ಗಮೂಲವನ್ನು ಮೀರಿಲ್ಲವೆಂದು ವಾದಕ್ಕಾಗಿ ಒಪ್ಪಿಕೊಳ್ಳಿ. ಆ ಅಪವರ್ತನದಿಂದ ಭಾಗಿಸಿ ಶೇಷಗಳನ್ನು ಮಾತ್ರ ಇಟ್ಟುಕೊಂಡರೆ, ನಮ್ಮ ರಾಶಿಯ ಘಾತಗಳು ಗಡಿಯಾರದ ಮುಳ್ಳಿನಂತೆ ಒಂದು ಸುತ್ತು ಹಾಕಿ 1ಕ್ಕೆ ಮರಳಬೇಕು. ಆ ಸುತ್ತಿನ ಉದ್ದ ಅಪವರ್ತನದ ವರ್ಗವನ್ನು ಮುಟ್ಟಲಾರದು. ಅಪವರ್ತನದ ವರ್ಗವಾದರೋ ನಮ್ಮ ಸಂಖ್ಯೆಯನ್ನು ಮೀರಲಾರದು. ಆದ್ದರಿಂದ ಸುತ್ತಿನ ಉದ್ದ 2¹²⁷ಕ್ಕಿಂತ ಕಡಿಮೆ ಇರಲೇಬೇಕು.

ಆದರೆ ಕೊನೆಯ ಹೆಜ್ಜೆಯಲ್ಲಿ ಸೊನ್ನೆ ಬಂತು ಎನ್ನುವುದರ ಅರ್ಥ, ಸುತ್ತಿನ ಉದ್ದ ಸರಿಯಾಗಿ 2¹²⁷ ಎಂದು. ಎರಡೂ ಒಟ್ಟಿಗೆ ನಿಜವಾಗಲಾರವು. ಆದಕಾರಣ ಅಂಥ ಅಪವರ್ತನವೇ ಇಲ್ಲ. ಒಂದು ಅಪವರ್ತನವನ್ನೂ ಹುಡುಕದೆ, ಒಂದೂ ಇಲ್ಲವೆಂದು ತೋರಿಸಿದಂತಾಯಿತು.

ಮರ್ಸೆನ್ನನ ಪಟ್ಟಿಯ ಗತಿ

ಅದೇ 1876ರಲ್ಲಿ ಲೂಕಾ ಇನ್ನೊಂದು ಫಲಿತಾಂಶ ಹೊರಗಿಟ್ಟ. ಮರ್ಸೆನ್ ಅವಿಭಾಜ್ಯವೆಂದಿದ್ದ 2⁶⁷ – 1 ಅವಿಭಾಜ್ಯವಲ್ಲ. ಹಾಗಾದರೆ ಅದರ ಅಪವರ್ತನಗಳು ಯಾವುವು? ಲೂಕಾನಿಗೆ ಗೊತ್ತಿರಲಿಲ್ಲ. ಪರೀಕ್ಷೆ ‘ಒಡೆಯುತ್ತದೆ’ ಎನ್ನುತ್ತದೆ, ‘ಎಲ್ಲಿ ಒಡೆಯುತ್ತದೆ’ ಎನ್ನುವುದಿಲ್ಲ.

ಉತ್ತರಕ್ಕೆ 27 ವರ್ಷ ಕಾಯಬೇಕಾಯಿತು. 1903ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಅದನ್ನು ಮುಂದಿಟ್ಟ:

147573952589676412927 = 193707721 × 761838257287

ಅವನು ಮಾತಿಲ್ಲದೆ ಕರಿಹಲಗೆಯ ಮೇಲೆ ಗುಣಾಕಾರವನ್ನು ಮಾಡಿ ತೋರಿಸಿ ಕುಳಿತನೆಂದೂ, ಸಭೆ ಚಪ್ಪಾಳೆ ತಟ್ಟಿತೆಂದೂ ಹೇಳುತ್ತಾರೆ. ಮೇಲಿನ ನಿಯಮದಂತೆ 193707720ನ್ನು 134ರಿಂದ ಭಾಗಿಸಿ ನೋಡಿ; ಶೇಷವಿಲ್ಲದೆ ಹೋಗುತ್ತದೆ.

ಕಾಲಕ್ರಮದಲ್ಲಿ 257 ಕೂಡ ಪಟ್ಟಿಯಿಂದ ಬಿತ್ತು. ಮರ್ಸೆನ್ ಬಿಟ್ಟಿದ್ದ 61, 89, 107 ಎಂಬ ಘಾತಾಂಕಗಳು ಕ್ರಮವಾಗಿ 1883, 1911, 1914ರಲ್ಲಿ ಸೇರಿದವು. ಒಟ್ಟು ಐದು ತಪ್ಪು. 127 ಮಾತ್ರ ಗಟ್ಟಿಯಾಗಿ ಉಳಿಯಿತು. ಮರ್ಸೆನ್ ಹೇಳಿದನೆಂದು ಉಳಿಯಲಿಲ್ಲ. 125 ಹೆಜ್ಜೆಗಳ ಕೊನೆಗೆ ಸೊನ್ನೆ ಬಂತೆಂದು ಉಳಿಯಿತು.

ಈ ಸಂಖ್ಯೆಯ ಬಂಧುಬಳಗ

ಇನ್ನು ಈ ಸಂಖ್ಯೆಯ ಕೆಲವು ಸ್ವಾರಸ್ಯಗಳನ್ನು ನೋಡೋಣ.

ಒಂದು: 28ರ ಭಾಜಕಗಳಲ್ಲಿ 28ನ್ನು ಬಿಟ್ಟು ಉಳಿದವನ್ನು ಕೂಡಿ. 1 + 2 + 4 + 7 + 14 = 28. ಇಂಥವು ಪರಿಪೂರ್ಣ ಸಂಖ್ಯೆಗಳು. ಮರ್ಸೆನ್ ಅವಿಭಾಜ್ಯ ಒಂದು ಸಿಕ್ಕಿದರೆ ಪರಿಪೂರ್ಣ ಸಂಖ್ಯೆಯೂ ಒಂದು ಸಿಕ್ಕಂತೆ ಎಂದು ಯೂಕ್ಲಿಡ್ ತೋರಿಸಿದ್ದ. 7ರಿಂದ 4 × 7 = 28; 31ರಿಂದ 16 × 31 = 496; 127ರಿಂದ 64 × 127 = 8128. ನಮ್ಮ ಸಂಖ್ಯೆಯನ್ನು 2¹²⁶ರಿಂದ ಗುಣಿಸಿದರೆ 77 ಅಂಕಿಗಳ ಒಂದು ಪರಿಪೂರ್ಣ ಸಂಖ್ಯೆ ಬರುತ್ತದೆ.

ಎರಡು: 2ರಿಂದ ಹೊರಡಿ. 2² – 1 = 3. 2³ – 1 = 7. 2⁷ – 1 = 127. 2¹²⁷ – 1 ನಮ್ಮ ಸಂಖ್ಯೆ. ಒಂದೊಂದೂ ಮುಂದಿನದಕ್ಕೆ ಘಾತಾಂಕ, ಎಲ್ಲವೂ ಅವಿಭಾಜ್ಯ. ಈ ಸರಪಳಿಯನ್ನು ಗುರುತಿಸಿದವನು ಗಣಿತಜ್ಞ ಕತಲಾನ್. ಮುಂದಿನ ಕೊಂಡಿಯೂ ಅವಿಭಾಜ್ಯವೇ? ಯಾರಿಗೂ ತಿಳಿಯದು. ಆ ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆ ಎಂದು ಹೇಳುವುದಕ್ಕೇ 38 ಅಂಕಿಗಳ ಸಂಖ್ಯೆ ಬೇಕು. ಲೂಕಾನ ಪರೀಕ್ಷೆಯೂ ಅಲ್ಲಿ ಕೈಚೆಲ್ಲುತ್ತದೆ.

ಮೂರು: ಮೂರು ಕಂಬಗಳ ನಡುವೆ ಬಿಲ್ಲೆಗಳನ್ನು ಸಾಗಿಸುವ ‘ಹನೋಯ್ ಗೋಪುರ’ದ ಆಟ ನಿಮ್ಮಲ್ಲಿ ಹಲವರಿಗೆ ಗೊತ್ತು. 1883ರಲ್ಲಿ ಅದನ್ನು ಹೊರತಂದವನೂ ಲೂಕಾನೇ. 3 ಬಿಲ್ಲೆಗಳಿಗೆ ಕನಿಷ್ಠ 7 ನಡೆ, 7 ಬಿಲ್ಲೆಗಳಿಗೆ 127 ನಡೆ. 127 ಬಿಲ್ಲೆಗಳನ್ನಿಟ್ಟು ಆಡಿದರೆ ಬೇಕಾಗುವ ನಡೆಗಳು ಈ ಲೇಖನದ ಮೊದಲಿಗೆ ಕೊಟ್ಟಿರುವಷ್ಟೇ!

ನಾಲ್ಕು: ಧನ, ಋಣ ಎರಡೂ ಬಗೆಯ ಪೂರ್ಣಾಂಕಗಳನ್ನು 128 ಬಿಟ್‌ಗಳಲ್ಲಿ ಸಾಮಾನ್ಯ ರೀತಿಯಲ್ಲಿ ಬರೆದಿಡುವ ಗಣಕಯಂತ್ರಕ್ಕೆ ಅತಿ ದೊಡ್ಡ ಸಂಖ್ಯೆ 2¹²⁷ – 1. ಆಯ್ಲರನ 2147483647 ಹಾಗೆಯೇ 32 ಬಿಟ್‌ಗಳ ಮೇಲ್ಮಿತಿ.

ಯಂತ್ರಗಳು ಬಂದ ಮೇಲೆ

1876ರಿಂದ 75 ವರ್ಷ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ತಿಳಿದಿರಲಿಲ್ಲ. 1951ರಲ್ಲಿ ಫೆರಿಯೆ ಕೈಯಿಂದ ನಡೆಸುವ ಲೆಕ್ಕದ ಯಂತ್ರದ ನೆರವಿನಿಂದ 44 ಅಂಕಿಗಳ ಒಂದು ಅವಿಭಾಜ್ಯವನ್ನು ಕಂಡುಕೊಂಡ. ಅದೇ ವರ್ಷ ಕೇಂಬ್ರಿಜ್‌ನ ಎಡ್ಸಾಕ್ ಗಣಕಯಂತ್ರದಲ್ಲಿ ಮಿಲ್ಲರ್ ಮತ್ತು ವೀಲರ್ 79 ಅಂಕಿಗಳ ಅವಿಭಾಜ್ಯ ಪಡೆದರು. ಅದನ್ನು ಅವರು ಕಟ್ಟಿದ್ದು ಹೇಗೆ ಗೊತ್ತೇ? ಲೂಕಾನ ಸಂಖ್ಯೆಯನ್ನು ವರ್ಗ ಮಾಡಿ, 180ರಿಂದ ಗುಣಿಸಿ, 1 ಕೂಡಿಸಿ! ಯಂತ್ರದ ನೆರವಿಲ್ಲದೆ ಸಾಧಿಸಿದ ಅವಿಭಾಜ್ಯಗಳಲ್ಲಿ ಮಾತ್ರ ಲೂಕಾನದೇ ಅತಿ ದೊಡ್ಡದು.

ಲೂಕಾನ ವಿಧಾನವನ್ನು 1930ರ ಸುಮಾರಿಗೆ ಡಿ. ಎಚ್. ಲೆಹ್ಮರ್ ಹಸನುಗೊಳಿಸಿದ. 3ರ ಬದಲು 4ರಿಂದ ಆರಂಭಿಸಿದರೆ 2ನ್ನು ಬಿಟ್ಟು ಎಲ್ಲ ಅವಿಭಾಜ್ಯ ಘಾತಾಂಕಗಳಿಗೂ ಪರೀಕ್ಷೆ ನಡೆಯುತ್ತದೆ. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದ 2¹³⁶²⁷⁹⁸⁴¹ – 1ರಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ಅದನ್ನು ಖಚಿತಪಡಿಸಲು ಬೇರೆ ಬೇರೆ ಯಂತ್ರಗಳಲ್ಲಿ ನಡೆಸಿದ್ದೂ ಈ ಪರೀಕ್ಷೆಯನ್ನೇ: ವರ್ಗ ಮಾಡು, ಎರಡು ಕಳೆ, ಶೇಷ ತೆಗೆ.

ಮರ್ಸೆನ್ ಸಂಖ್ಯೆಗಳಿಗೆ ಈ ಸೌಲಭ್ಯ ಸರಿ, ಉಳಿದ ಸಂಖ್ಯೆಗಳಿಗೆ? ಯಾವ ಸಂಖ್ಯೆಯಾದರೂ ಅವಿಭಾಜ್ಯವೇ ಎಂಬುದನ್ನು ಖಚಿತವಾಗಿ, ಅಂಕಿಗಳು ಹೆಚ್ಚಿದಂತೆ ಶ್ರಮ ಹತೋಟಿ ತಪ್ಪದ ಹಾಗೆ ನಿರ್ಣಯಿಸಬಹುದೆಂದು 2002ರಲ್ಲಿ ತೋರಿಸಿದವರು ನಮ್ಮ ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ.

ಆದರೆ ಒಡೆಯುವ ಸಂಖ್ಯೆಯನ್ನು ಒಡೆದು ತೋರಿಸುವುದು? ಅದು ಇಂದಿಗೂ ಕಷ್ಟ. ಲೂಕಾನಿಗೂ ಕೋಲನಿಗೂ ನಡುವಿನ ಆ 27 ವರ್ಷಗಳನ್ನು ನೆನೆಯಿರಿ. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ರೂಪಿಸಿದ ಗೂಢಲಿಪಿ ನಿಂತಿರುವುದು ಈ ಅಂತರದ ಮೇಲೆಯೇ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಟ್ಟಾಗಿ ಆರಿಸಿ, ಗುಣಿಸಿ, ಗುಣಲಬ್ಧವನ್ನು ಬಹಿರಂಗಪಡಿಸಿದರೂ ಅದನ್ನು ಒಡೆಯುವವರಿಲ್ಲ. ಅಲ್ಲಿ ನಮ್ಮ 2¹²⁷ – 1ನ್ನು ಬಳಸುವಂತಿಲ್ಲ ಅನ್ನಿ. ಅದು ಲೋಕಕ್ಕೆಲ್ಲ ಗೊತ್ತಿರುವ ಸಂಖ್ಯೆ!

ನೀವೇ ಮಾಡಿ ನೋಡಿ

2¹¹ – 1 = 2047ಕ್ಕೆ ಲೂಕಾನ ಪರೀಕ್ಷೆ ನಡೆಸಿ. 3ರಿಂದ ಹೊರಟು ಒಂಬತ್ತು ಹೆಜ್ಜೆ. ಮೂರನೆಯ ಹೆಜ್ಜೆಯಲ್ಲಿ ಶೇಷ 160, ನಾಲ್ಕನೆಯದರಲ್ಲಿ 1034 ಬರಬೇಕು. ಐದರಿಂದ ಏಳರವರೆಗಿನದನ್ನು ಹೇಳುವುದಿಲ್ಲ. ಎಂಟನೆಯ ಹೆಜ್ಜೆಯಲ್ಲಿ ಹಳೆಯ ಪರಿಚಯದ ಸಂಖ್ಯೆಯೊಂದು ಮತ್ತೆ ಎದುರಾಗುತ್ತದೆ. ಅದು ಕಂಡೊಡನೆ ಒಂಬತ್ತನೆಯದನ್ನು ಲೆಕ್ಕ ಮಾಡದೆಯೇ ಹೇಳಬಲ್ಲಿರಿ. ಎಷ್ಟು ಹೆಜ್ಜೆ ಮುಂದೆ ಹೋದರೂ ಸೊನ್ನೆ ಏಕೆ ಬರಲಾರದು ಎಂಬುದನ್ನೂ ಹೇಳಬಲ್ಲಿರಿ. ಎಂಟನೆಯದರಲ್ಲಿ ಆ ಸಂಖ್ಯೆ ಬರದಿದ್ದರೆ ಎಲ್ಲೋ ಒಂದು ಅಂಕಿ ತಪ್ಪಿದೆ. ಮೊದಲಿನಿಂದ ಮತ್ತೆ ಮಾಡಿ. ಲೂಕಾನಿಗೆ ಹೀಗೆ ಮುಂಚೆಯೇ ಉತ್ತರ ಹೇಳಿಕೊಡುವವರು ಯಾರೂ ಇರಲಿಲ್ಲ.